ಹಗ್ಗ ಹಿಡಿದವನು

"ಎಷ್ಟು ಕುಡಿದಿದ್ದೆ, ಬೊಗಳೋ ಸೂಳೆಮಗನೇ!"

ಸಾಹೇಬರ ಲಾಠಿ ಮೇಜಿನ ಕಾಲಿಗೆ ಬಡಿಯಿತು. ನಾನು ಠಾಣೆಯ ನೆಲದ ಮೇಲೆ ಕುಳಿತಿದ್ದೆ. ಪಕ್ಕದಲ್ಲೇ ಬೆಂಚು ಖಾಲಿ ಇತ್ತು. ಅದರ ಮೇಲೆ ಕೂರಬೇಡವೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಕುಡಿದಿಲ್ಲ ಬುದ್ಧಿ. ಜೇನಿಗೆ ಹೋಗೋಕೆ ಮೂರು ದಿನ ಮುಂಚೇನೇ ಬಿಟ್ಬಿಡ್ತೀವಿ. ಆ ವಾಸನೆಗೆ ಹುಳ ಮೈಮೇಲೆ ಬೀಳ್ತವೆ."

"ಕುಡೀದೇನೇ ತಂಗಿ ಗಂಡನ್ನ ಕೆಳಗೆ ಬಿಟ್ಯಾ? ಹಂಗಾದ್ರೆ ಕೊಲೆ ಅಂತ ಬರೆಸ್ಲಾ?"

ಬರೆಯುತ್ತಿದ್ದ ರೈಟರ್ ಕಿಸಕ್ಕನೆ ನಕ್ಕ. ಕಾಡಿನ ಜೇನನ್ನೆಲ್ಲ ಗುತ್ತಿಗೆ ಹಿಡಿದ ಸಾವ್ಕಾರರು ಬಾಗಿಲ ಬಳಿ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದರು. ಅವರು ನಗಲಿಲ್ಲ. ಅವರ ಬೆನ್ನ ಹಿಂದೆ ಜೀಪಿನ ಡ್ರೈವರ್ ಗೋಡೆ ನೋಡುತ್ತ ನಿಂತಿದ್ದ. ಹುಳ ಕಡಿದು ಅವನ ಒಂದು ಕಣ್ಣು ಮುಚ್ಚಿಹೋಗಿತ್ತು.

ಜೇನು ಕೀಳಲು ಬಂಡೆಯ ಅಂಚಿನಿಂದ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ನಮ್ಮಲ್ಲಿ ಅದೇ ನಡೆದುಕೊಂಡು ಬಂದದ್ದು. ಅವನ ಸ್ವಂತ ತಮ್ಮನೂ ಹಿಡಿಯುವಂತಿಲ್ಲ. ಒಂದೇ ಮನೆಯಲ್ಲಿ ಹುಟ್ಟಿದವರ ನಡುವೆ ಆಸೆ ಇರಬಹುದು, ಹಳೆಯ ಮುನಿಸು ಇರಬಹುದು. ತಂಗಿಯ ಮುಖ ನೆನೆದವನ ಕೈ ಮಾತ್ರ ಸಡಿಲಾಗುವುದಿಲ್ಲ. ಹನ್ನೊಂದು ವರ್ಷ ಭಾವನ ಭಾರ ನನ್ನ ಸೊಂಟದ ಮೇಲಿತ್ತು. ಇಳಿಯುವ ಮೊದಲು ಅವನು ಬಂಡೆಗೆ ಹಣೆ ಮುಟ್ಟಿಸಿ, "ಅರ್ಧ ನಿಮ್ಮ ಮಕ್ಕಳಿಗೆ, ಅರ್ಧ ನಮ್ಮ ಮಕ್ಕಳಿಗೆ, ತಾಯಂದಿರೇ" ಎಂದು ರಾಗ ಎಳೆದು ಹುಳಗಳ ಅಪ್ಪಣೆ ಬೇಡುತ್ತಿದ್ದ. ಆಮೇಲೆ ಹೊಗೆಯೊಳಗೆ ಮರೆಯಾಗುತ್ತಿದ್ದ. ಹೆಜ್ಜೇನಿನ ಮೊರೆತದಲ್ಲಿ ಕೂಗು ಕೇಳುವುದಿಲ್ಲ, ಹಗ್ಗವೇ ಮಾತು. ಒಂದು ಸಲ ಎಳೆದರೆ ಇಳಿಬಿಡು, ಎರಡು ಸಲ ಎಳೆದರೆ ನಿಲ್ಲಿಸು, ಮೂರು ಸಲಕ್ಕೆ ಮೇಲೆ ತಗೋ.

ಮೊನ್ನೆ ಬೆಳಿಗ್ಗೆ ಭಾವ ಕೆಳಗೆ ತೂಗುತ್ತಿದ್ದ. ನನ್ನ ಬೆನ್ನ ಹಿಂದಿನ ಹಳ್ಳದ ಮರಳಿನಲ್ಲಿ ಸಾವ್ಕಾರರ ಜೀಪು ಹೂತುಕೊಂಡಿತು.

"ಏ ಕೋಣ, ಬಾರೋ ತಳ್ಳು!" ಎಂದು ಕೂಗಿದರು.

"ಭಾವನ್ನ ಮೇಲೆ ತಗೊಂಡು ಬಂದ್ಬಿಡ್ತೀನಿ ಬುದ್ಧಿ."

"ಬಿಸಿಲೇರಿದ್ರೆ ಡಬ್ಬದಲ್ಲಿರೋ ಜೇನು ಇಲ್ಲೇ ಕುದಿಯುತ್ತೆ. ಹಗ್ಗ ಹಿಡಿಯೋಕೆ ಯಾವ ಶಾಸ್ತ್ರ ಓದ್ಬೇಕೋ? ನಮ್ ಡ್ರೈವರ್ ಹಿಡೀತಾನೆ. ಇವನು ತಳ್ಳಿದ್ರೆ ಜೀಪು ನಗುತ್ತೆ."

"ಅದು ಹಂಗೆ ಕೈ ಬದಲಾಯಿಸೋದಲ್ಲ ಬುದ್ಧಿ..."

"ಮುಂದಿನ ವರ್ಷ ನಿಮ್ಮ ಜನ ಈ ಬಂಡೆ ಕಡೆ ಸುಳೀಬಾರದು, ಅಲ್ವಾ? ಹಾಗೇ ಮಾಡೋಣ."

ಮರದ ಬುಡಕ್ಕೆ ಒಂದು ಸುತ್ತು ಹಾಕಿದ್ದ ಹಗ್ಗವನ್ನು ಡ್ರೈವರನ ಕೈಗೆ ಕೊಟ್ಟೆ. ಒಂದು, ಎರಡು, ಮೂರು ಹೇಳಿಕೊಟ್ಟೆ. ಅವನು ತಲೆಯಾಡಿಸಿದ. ಕೈ ಬದಲಾದದ್ದು ಕೆಳಗಿದ್ದವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಕಾಲೂರಲು ಬಂಡೆಯ ಸೀಳನ್ನಾದರೂ ಹುಡುಕುತ್ತಿದ್ದ.

ಸಾವ್ಕಾರರು ಸ್ಟಿಯರಿಂಗ್ ಹಿಡಿದರು. ನಾನು ಹೆಗಲು ಕೊಟ್ಟೆ. ಚಕ್ರ ಮರಳಿನಿಂದ ಎದ್ದಿತು. ಅಷ್ಟರಲ್ಲಿ ಬಂಡೆಯ ಕಡೆಯಿಂದ ಡ್ರೈವರ್ ಓಡಿಬಂದ. ಮುಖದ ಮೇಲಿನ ಹುಳಗಳನ್ನು ಎರಡೂ ಕೈಯಿಂದ ಹೊಡೆದುಕೊಳ್ಳುತ್ತಿದ್ದ.

ಎರಡೂ ಕೈಯಿಂದ.

ಆಮೇಲೆ ತಂಗಿಯನ್ನು ಠಾಣೆಯ ಒಳಗೆ ಕರೆದರು. ಅವಳು ನನ್ನ ಪಕ್ಕ ನೆಲದಲ್ಲಿ ಕುಳಿತಳು. ರೈಟರ್ ಗಂಟಲು ಸರಿಮಾಡಿಕೊಂಡು ಓದಿದ: "...ಮೃತನ ಭಾವಮೈದುನನು ಕುಡಿದ ಅಮಲಿನಲ್ಲಿ ಹಗ್ಗವನ್ನು ಕೈಬಿಟ್ಟ ಕಾರಣ..."

"ಹೆಬ್ಬೆಟ್ಟು ಒತ್ತಮ್ಮ," ಸಾವ್ಕಾರರು ಮೆತ್ತಗೆ ಹೇಳಿದರು. "ಒತ್ತಿದ್ರೆ ಆಸ್ಪತ್ರೆಯಿಂದ ಹೆಣ ಕೊಡ್ತಾರೆ. ಮೂರನೇ ದಿನ ಇವತ್ತು. ಅಲ್ಲಿ ಐಸೂ ಇಲ್ಲ."

"ಒತ್ತಿಬಿಡು ತಂಗಿ," ಎಂದೆ. "ಭಾವ ಮಣ್ಣು ಸೇರ್ಲಿ. ಹಗ್ಗ ಕೊಟ್ಟೋನು ನಾನೇ ತಾನೇ."

ಅವಳು ನನ್ನತ್ತ ತಿರುಗಿದಳು. ಮೂರು ದಿನದಲ್ಲಿ ಮೊದಲ ಸಲ ನನ್ನ ಕಣ್ಣು ನೋಡಿದಳು.

"ಕೊಟ್ಟೋನು ಬೇರೆ, ಬಿಟ್ಟೋನು ಬೇರೆ ಅಣ್ಣ."

"ಓಹೋ, ಲಾಯರಮ್ಮ!" ಸಾಹೇಬರು ಎದ್ದರು. "ಗಂಡನ ಹೆಣ ಬೇಕಾ, ಬೇಡ್ವಾ? ಒಂದೇ ಮಾತು ಹೇಳು."

"ಬೇಕು."

"ಮತ್ತೆ?"

"ಈ ಕಾಗದದಲ್ಲಿ ನಮ್ಮಣ್ಣ ಎಲ್ಲಿದ್ದಾನೆ? ನಂಗೆ ಓದೋಕೆ ಬರಲ್ಲ. ತೋರ್ಸಿ."

ರೈಟರನಿಗೆ ಖುಷಿಯಾಯಿತು. ಕಾಗದವನ್ನು ಮೇಜಿನ ಅಂಚಿಗೆ ಸರಿಸಿ ಬೆರಳಿಟ್ಟ. "ಇಗೋ, ಇಲ್ಲಿಂದ ಇಲ್ಲೀವರೆಗೂ ನಿಮ್ಮಣ್ಣಾನೇ. ನೀನು ಒತ್ತೋದು ಕೆಳಗೆ, ಈ ಮೂಲೇಲಿ."

ತಂಗಿ ಎದ್ದು ನಿಂತಳು. ಹೆಬ್ಬೆಟ್ಟನ್ನು ಮಸಿಯ ಮೆತ್ತೆಗೆ ಅದ್ದಿದಳು. ಸಾಲದೆಂದು ಇನ್ನೊಮ್ಮೆ ಅದ್ದಿದಳು. ರೈಟರನ ಬೆರಳು ಹೊರಟ ಜಾಗದಿಂದ ನಿಂತ ಜಾಗದವರೆಗೆ, ಒಲೆಗೆ ಸಾರಣೆ ಮಾಡುವವಳ ಹಾಗೆ, ಸಾವಧಾನವಾಗಿ ಉಜ್ಜಿದಳು. ಮೂರು ಸಾಲು ಕಪ್ಪಾಗುವವರೆಗೂ ಯಾರಿಗೂ ಅದೇನೆಂದು ಹೊಳೆಯಲಿಲ್ಲ.

ಸಾಹೇಬರ ಏಟಿಗೆ ಅವಳ ತಲೆ ಗೋಡೆಗೆ ಬಡಿಯಿತು.

"ಕೊಳೀಲಿ ಬಿಡು ಅವನ ಹೆಣ! ಇವಳಣ್ಣ ಈ ಬೇವರ್ಸಿನ ಒಳಗೆ ಹಾಕ್ರೋ!"

"ಬೇರೆ ಕಾಗದದಲ್ಲಿ ಬರೀರಿ," ತಂಗಿ ತುಟಿ ಒರೆಸಿಕೊಂಡಳು. "ಅದನ್ನೂ ತೋರ್ಸಿ."

ನನ್ನನ್ನು ಕೂಡಿಹಾಕಿದ ಕೋಣೆಯ ಕಿಂಡಿಯಿಂದ ರಸ್ತೆಯ ಆಚೆಗಿನ ಆಸ್ಪತ್ರೆಯ ಹಿಂಭಾಗ ಕಾಣುತ್ತದೆ. ತಗಡಿನ ಮಾಡು, ಬೀಗ ಹಾಕಿದ ಹಸಿರು ಬಾಗಿಲು. ತಂಗಿ ಹೋಗಿ ಆ ಬಾಗಿಲಿಗೆ ಒರಗಿ ಕುಳಿತಳು. ಸಾವ್ಕಾರರ ಜೀಪು ಅವಳ ಮುಂದೆಯೇ ಹಾದುಹೋಯಿತು. ಅವಳು ತಲೆ ಎತ್ತಲಿಲ್ಲ.

ಬಿಸಿಲು ತಗಡಿನ ಮೇಲೆ ಏರಿತು. ಗಾಳಿ ಬೀಸಿದಾಗೆಲ್ಲ ನನ್ನ ಕಿಂಡಿಯವರೆಗೂ ಭಾವ ಬರುತ್ತಿದ್ದ. ಆ ದಾರಿಯಲ್ಲಿ ಹೋಗುವವರು, ಬರುವವರು, ದಾದಿಯರು, ಕಸ ಗುಡಿಸುವವಳು, ಎಲ್ಲರೂ ಮೂಗಿಗೆ ಬಟ್ಟೆ ಒತ್ತಿಕೊಂಡು ದಾಟುತ್ತಿದ್ದರು.

ನನ್ನ ತಂಗಿ ಸೆರಗನ್ನು ಮುಖದ ಹತ್ತಿರ ತರಲಿಲ್ಲ.