ಖಾಕಿ ತೊಟ್ಟ ಆರನೇ ತಿಂಗಳು

ತಿಪಟೂರಿನ ಸೀರೆ ಅಂಗಡಿಯೊಂದರಲ್ಲಿ ತನುಶ್ರೀ ನಾಲ್ಕು ವರ್ಷ ಕೆಲಸ ಮಾಡಿದ್ದಳು. ಮಾಲೀಕ ಬಸವರಾಜಪ್ಪ ಒಳ್ಳೆಯವರೇ. ಎಂದೂ ಕೂಗಾಡಿದವರಲ್ಲ. ಆದರೂ ದಿನವಿಡೀ ನಿಂತು, ರಾಶಿ ಸೀರೆ ಬಿಚ್ಚಿ, ಮತ್ತೆ ಅದೇ ರಾಶಿ ಮಡಚಿ, ಸಂಜೆ ಬಿಳಿಗೆರೆಯ ಬಸ್ಸು ಹತ್ತಿದಾಗ ಇವತ್ತು ಏನು ಮಾಡಿದೆ ಎಂದು ಕೇಳಿಕೊಂಡರೆ ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ. ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿ, ಓಟದ ಪರೀಕ್ಷೆ ಗೆದ್ದು, ಖಾಕಿ ತೊಟ್ಟು ಮನೆಗೆ ಬಂದ ದಿನ ತಾಯಿ ಸಿದ್ದಗಂಗಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಫ್ಯಾನಿನ ಕೆಳಗಿನ ಕೆಲಸ ಬಿಟ್ಟು ಕಾಡು ಸುತ್ತಲು ಹೊರಟಿದ್ದಾಳೆ ಎಂದು ಒಳಗಿನಿಂದಲೇ ಗೊಣಗಿದರು.

ಮೊದಲ ಐದು ತಿಂಗಳು ನರ್ಸರಿಗೆ ನೀರು ಬಿಡಿಸುವುದರಲ್ಲಿ, ಮರ ಸಾಗಿಸುವ ಟ್ರ್ಯಾಕ್ಟರ್ ತಡೆದು ಕಾಗದ ನೋಡುವುದರಲ್ಲಿ ಕಳೆದವು. ಆರನೇ ತಿಂಗಳಲ್ಲಿ ಒಂದು ಬೆಳಗ್ಗೆ ಹೊನ್ನವಳ್ಳಿ ಕಡೆಯಿಂದ ಫೋನ್ ಬಂತು. ಹಿಂದಿನ ದಿನ ತೋಟದಲ್ಲಿ ಉದುರಿದ ಕಾಯಿ ಆಯುತ್ತಿದ್ದ ಗೋವಿಂದಯ್ಯನವರ ಮೇಲೆ ಚಿರತೆ ಎರಗಿ, ಕೆನ್ನೆಯ ಚರ್ಮವನ್ನು ಕಿವಿಯವರೆಗೂ ಕಿತ್ತುಹಾಕಿತ್ತು. ಅದೇ ಚಿರತೆ ಈಗ ಪಕ್ಕದ ತೋಟದ ಬೇಲಿಯಲ್ಲಿ ಹಂದಿಗೆಂದು ಒಡ್ಡಿದ್ದ ತಂತಿಯ ಉರುಳಿಗೆ ಸಿಕ್ಕಿಬಿದ್ದಿತ್ತು.

ತನುಶ್ರೀ ಮತ್ತು ವಾಚರ್ ಅಣ್ಣಯ್ಯ ಬೈಕಿನಲ್ಲಿ ತಲುಪುವ ಹೊತ್ತಿಗೆ ತೆಂಗಿನ ಸಾಲುಗಳ ನಡುವೆ ನೂರಕ್ಕೂ ಹೆಚ್ಚು ಜನ ಸೇರಿದ್ದರು. ತಂತಿ ಚಿರತೆಯ ಸೊಂಟಕ್ಕೆ ಬಿಗಿದಿತ್ತು. ಅದು ನೆಗೆದಂತೆಲ್ಲ ತಂತಿ ಮಾಂಸದೊಳಗೆ ಇಳಿಯುತ್ತಿತ್ತು. ತಂತಿ ಕಚ್ಚಿ ಕಚ್ಚಿ ಬಾಯಿ ರಕ್ತವಾಗಿತ್ತು. ಯಾರದೋ ಕಲ್ಲಿಗೆ ಒಂದು ಕಣ್ಣು ಆಗಲೇ ಒಡೆದಿತ್ತು. ಅರಿವಳಿಕೆ ಮದ್ದು ಹೊಡೆಯುವ ಡಾಕ್ಟರು ಬರಲು ಇನ್ನೂ ಅರ್ಧ ಗಂಟೆ ಬೇಕಿತ್ತು. ಪೊಲೀಸರು ಹೊರಟಿದ್ದೇವೆ ಎಂದಷ್ಟೇ ಹೇಳಿದ್ದರು.

ತನುಶ್ರೀ ಲಾಠಿ ಹಿಡಿದು ಚಿರತೆಗೂ ಜನಕ್ಕೂ ನಡುವೆ ನಿಂತಳು. ಮೊದಲ ಕಲ್ಲು ಅಣ್ಣಯ್ಯನ ಬಾಯಿಗೆ ಬಿದ್ದು ಎರಡು ಹಲ್ಲು ಉದುರಿದವು. ಎರಡನೆಯದು ಅವಳ ಹಣೆ ಸೀಳಿತು. ಒಬ್ಬ ಹಿಂದಿನಿಂದ ಬಂದು ಅಣ್ಣಯ್ಯನನ್ನು ಹೊಟ್ಟೆಗೆ ಒದ್ದು ಬೀಳಿಸಿದ. ಆಗ ಗೋವಿಂದಯ್ಯನವರ ಮಗ ದಯಾನಂದ ಗುಂಪು ಸೀಳಿಕೊಂಡು ಮುಂದೆ ಬಂದ. ಅವನ ಕೈಯಲ್ಲಿ ಕಬ್ಬಿಣದ ಹಾರೆ ಇತ್ತು.

"ಅಡ್ಡ ಸರ್ಕಳಿ ಮೇಡಂ. ನಮ್ಮಪ್ಪನ್ ಮುಖ ನೀವ್ ನೋಡಿಲ್ಲ."

"ಡಾಕ್ಟ್ರು ಬತ್ತಾವ್ರೆ ಕಣಣ್ಣ. ಅಲ್ಲೀಗಂಟ ನಾನು ಇಲ್ಲಿಂದ ಅಲ್ಲಾಡಲ್ಲ."

ಅವನು ಹಾರೆ ಬೀಸಿದ. ಅವಳು ಎಡಗೈ ಅಡ್ಡ ಹಿಡಿದಳು. ಮೊಳಕೈ ಕೆಳಗೆ ಮೂಳೆ ಮುರಿದ ಸದ್ದು ಮುಂದೆ ನಿಂತಿದ್ದವರಿಗೆಲ್ಲ ಕೇಳಿಸಿತು. ಅವನು ಮತ್ತೆ ಹಾರೆ ಎತ್ತುವಷ್ಟರಲ್ಲಿ ಅವಳು ಬಲಗೈಯಲ್ಲಿದ್ದ ಲಾಠಿಯನ್ನು ಶಕ್ತಿಯೆಲ್ಲ ಹಾಕಿ ಅವನ ಮಂಡಿಗೆ ಬಾರಿಸಿದಳು. ದಯಾನಂದ ಮುಗ್ಗರಿಸಿ ಚಿರತೆಯ ಕಡೆಗೇ ಬಿದ್ದ. ಚಿರತೆ ತಂತಿಯ ಕೊನೆಯವರೆಗೂ ನೆಗೆದು ಅವನ ತೊಡೆಗೆ ಉಗುರು ಹಾಕಿ ಎಳೆಯಿತು. ಮಾಂಸ ಪಟ್ಟಿಪಟ್ಟಿಯಾಗಿ ಬಿಚ್ಚಿಕೊಂಡಿತು. ಜನ ಚೆಲ್ಲಾಪಿಲ್ಲಿಯಾದರು. ಅವನ ಹತ್ತಿರಕ್ಕೆ ಒಬ್ಬರೂ ಹೋಗಲಿಲ್ಲ.

ತನುಶ್ರೀ ಲಾಠಿಯಿಂದ ಚಿರತೆಯ ಪಂಜಕ್ಕೆ ಎರಡು ಏಟು ಹಾಕಿದಳು. ಉಗುರು ಸಡಿಲವಾದೊಡನೆ ಲಾಠಿ ಬಿಸಾಕಿ, ಅವನ ಕಾಲರ್ ಹಿಡಿದು ಒಂದೇ ಕೈಯಲ್ಲಿ ಎಳೆದಳು. ಅಣ್ಣಯ್ಯ ತೆವಳುತ್ತ ಬಂದು ಕೈ ಕೊಟ್ಟ. ದಯಾನಂದನ ಲುಂಗಿಯನ್ನೇ ಹರಿದು ಅವನ ತೊಡೆಗೆ ಬಿಗಿದರು. ಅಷ್ಟರಲ್ಲಿ ಪೊಲೀಸರೂ ಅವರ ಬೆನ್ನಿಗೇ ಡಾಕ್ಟರೂ ಬಂದರು. ಮದ್ದಿನ ಸೂಜಿ ತಾಗಿದ ಹತ್ತು ನಿಮಿಷಕ್ಕೆ ಚಿರತೆ ತಲೆ ಇಳಿಬಿಟ್ಟಿತು. ಅದು ಬೋನಿಗೆ ಹೋದದ್ದನ್ನು ಕಣ್ಣಾರೆ ಕಂಡ ಮೇಲೆಯೇ ತನುಶ್ರೀ ಆಂಬುಲೆನ್ಸ್ ಹತ್ತಿದಳು.

ಆಸ್ಪತ್ರೆಯಲ್ಲಿ ಕೈಗೆ ಪ್ಲೇಟು ಹಾಕಿದರು. ಮೂರನೇ ದಿನ ಬಸವರಾಜಪ್ಪ ಕಿತ್ತಳೆ ಹಣ್ಣು ತಂದು, ಅವಳ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಕೈ ಸರಿಯಾದೊಡನೆ ಬಂದುಬಿಡಲಿ ಎಂದರು. ಸಿದ್ದಗಂಗಮ್ಮ ಮಗಳ ಮುಖವನ್ನೇ ನೋಡುತ್ತಿದ್ದರು.

"ಭಯ ಆಯ್ತು ಸಾರ್, ಸುಳ್ಳೇಳಲ್ಲ," ಎಂದಳು ತನುಶ್ರೀ. "ಈಗ್ಲೂ ಕಣ್ ಮುಚ್ಚುದ್ರೆ ಆ ಹಾರೇನೇ ಕಾಣುತ್ತೆ. ಆದ್ರೂ ನಾನು ಇದೇ ಕೆಲ್ಸ ಮಾಡ್ತೀನಿ. ಅವತ್ತು ಅಲ್ಲಿ ನಾನಿಲ್ದಿದ್ರೆ ಅವ್ನು ಸೀದಾ ಚಿರತೆ ಬಾಯಿಗೇ ಹೋಗ್ತಿದ್ದ, ಎರಡು ಜೀವ ಹೋಗ್ತಿದ್ವು."

ಬಸವರಾಜಪ್ಪ ಮತ್ತೆ ಒತ್ತಾಯ ಮಾಡಲಿಲ್ಲ. ಅವರು ಹೋದ ಮೇಲೆ ಸಿದ್ದಗಂಗಮ್ಮ ಒಂದು ಹಣ್ಣು ಸುಲಿದು ತೊಳೆತೊಳೆಯಾಗಿ ಮಗಳ ಬಾಯಿಗಿಟ್ಟರು.

ದಯಾನಂದನ ಹೆಂಡತಿ ನಿಂಗಮ್ಮ ಬಂದು, ಅವನ ಜೀವ ಉಳಿಸಿದವರು ನೀವೇ, ಈಗ ಕೇಸು ಹಾಕಬೇಡಿ ಎಂದು ಕೈ ಮುಗಿದಳು. ತನುಶ್ರೀಗೆ ಅವಳ ಮೇಲೆ ಕನಿಕರ ಬಂತು. ಆದರೂ ಪೊಲೀಸರಿಗೆ ಹಾರೆ ಬೀಸಿದವನ ಹೆಸರು ಹೇಳಿದಳು. ಅವನ ಮಂಡಿಗೆ ತಾನು ಹೊಡೆದದ್ದನ್ನೂ ಬಿಡದೆ ಬರೆಸಿದಳು.

ಮೂರು ತಿಂಗಳ ನಂತರ ಕೆಲಸಕ್ಕೆ ಮರಳಿದಾಗ ಎಡಗೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಬೇಲಿಗಳ ಉರುಳು ಕೀಳುವ ಕೆಲಸವನ್ನು ಅವಳೇ ಕೇಳಿ ಪಡೆದಳು. ಮೊದಲ ದಿನವೇ ಒಂದು ತೋಟದ ಮಾಲೀಕ ಮಚ್ಚು ತೋರಿಸಿ ಬೈದ. ಅವಳು ಅವನ ಹೆಸರು ಕೇಳಿ ಬರೆದುಕೊಂಡು, ಅವನೆದುರೇ ಏಳು ಉರುಳು ಕತ್ತರಿಸಿದಳು. ಆಮೇಲೆ ತೆಂಗಿನ ಬುಡದಲ್ಲಿ ಅಣ್ಣಯ್ಯನ ಜೊತೆ ಬುತ್ತಿ ಬಿಚ್ಚಿದಳು. ಹಸಿವು ಜೋರಾಗಿತ್ತು. ಎದುರಿನ ಎರಡು ಹಲ್ಲಿಲ್ಲದ ಅಣ್ಣಯ್ಯ ರೊಟ್ಟಿ ಕಡಿಯಲು ಪಡುತ್ತಿದ್ದ ಪಾಡಿಗೆ ಇಬ್ಬರೂ ನಕ್ಕರು.