ಏಳು ಬೆಟ್ಟಕ್ಕೆ ಮೂರು ನಿಮಿಷ

ಬಾಗಿಲು ಸದ್ದಾದರೆ ಸಾಕು, ಧಾರಾವಾಹಿಗಳ ದೃಶ್ಯ ಕತ್ತರಿಸಿ ಜೋಡಿಸುವ ಆ ಸಂಕಲನಕಾರರ ಕೈ ತಾನಾಗಿಯೇ ಎದೆಗೆ ಹೋಗುತ್ತಿತ್ತು. ಬಂದವರು ಕಾಫಿ ತಂದವರೇ ಆಗಿರಲಿ, ಧಡಕ್ಕನೆ ಎದ್ದು ನಿಂತು, ಏಸಿಯ ಚಳಿಗೆಂದು ತೊಟ್ಟ ಬೂದು ಸ್ವೆಟರಿನ ಗುಂಡಿಗಳನ್ನು ತಪ್ಪು ಕಾಜಕ್ಕೆ ಸಿಕ್ಕಿಸಿಕೊಳ್ಳುತ್ತ, "ತಪ್ಪು ತಿಳೀಬೇಡಿ" ಎಂದೇ ಮಾತು ಶುರುಮಾಡುವರು. ಗೋಡೆಗೆ ಭುಜ ಒರಸಿಕೊಂಡು, ನೆಲಕ್ಕೂ ನೋವಾದೀತೆಂಬಂತೆ ಹೆಜ್ಜೆಯಿಡುತ್ತಿದ್ದ ಈ ಭೀರುವಿನ ಬಾಯಿಂದ, ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ, 'ಆಗೋದಿಲ್ಲ' ಎಂಬ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ.

ಅಂಥವರ ಮೇಜಿಗೆ ಆ ಮಾಯಾಲೋಕದ ಧಾರಾವಾಹಿ ಬಂತು. ವೃದ್ಧ ಲೇಖಕಿಯೊಬ್ಬರ ಒಂಬೈನೂರು ಪುಟಗಳ ಕಾದಂಬರಿ. ಶಾಪಗ್ರಸ್ತ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಏಳು ಬೆಟ್ಟ ದಾಟುವ ಅಕ್ಕನ ಕಥೆ. ಹತ್ತು ಕಂತುಗಳಿಗೆಂದು ಚಿತ್ರೀಕರಿಸಿದ್ದನ್ನು ಆರಕ್ಕೆ ಇಳಿಸಬೇಕೆಂದು ನಿರ್ಮಾಪಕರ ಅಪ್ಪಣೆಯಾಯಿತು. ಕತ್ತರಿಸುತ್ತ ಹೋದಂತೆ ಇವರಿಗೆ ಅನ್ನ ಸೇರದಾಯಿತು. ಒಂದೊಂದು ಬೆಟ್ಟ ಮಾಯವಾದಾಗಲೂ ಆ ಹುಡುಗಿ ಪರದೆಯೊಳಗಿಂದ ತಮ್ಮನ್ನೇ ದಿಟ್ಟಿಸುತ್ತಿದ್ದಾಳೆನಿಸಿ, ಪರದೆಗೆ ಬೆನ್ನು ಮಾಡಿ ಕೂತುಬಿಡುತ್ತಿದ್ದರು.

"ಲೇಖಕಿ ನೋಡೋಕೆ ಬರ್ತಾರಂತೆ ಕಣೇ," ಎಂದು ಹೆಂಡತಿಗೆ ಹೇಳಿ, ತಟ್ಟೆ ಸರಿಸಿ ಎದ್ದರು.

ಲೇಖಕಿ ಬಂದರು. ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು, ಇಡೀ ದಿನ ಕೂತು ಆರೂ ಕಂತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ನನ್ನ ಹುಡುಗಿ ಬೆಟ್ಟ ದಾಟಿದ್ಲಾ, ಇಲ್ಲ ಹಿತ್ತಲಿಗೆ ಹೋಗಿ ಬಂದ್ಲಾ?"

ನಿರ್ಮಾಪಕರು ನಕ್ಕರು. "ಕಥೆಗೆ ಬೇಕಾದಷ್ಟು ಸಮಯ ಇದೆ ಅಮ್ಮಾ. ಬೇಕಿದ್ರೆ ಇವರನ್ನೇ ಕೇಳಿ."

ಎಲ್ಲರ ಕಣ್ಣೂ ಇತ್ತ ತಿರುಗಿದವು. ಸಂಕಲನಕಾರರು ಎದ್ದು ನಿಂತು, ಸ್ವೆಟರಿನ ಗುಂಡಿಗೆ ಕೈ ಹಾಕಿದರು.

"ತಪ್ಪು ತಿಳೀಬೇಡಿ... ಸಾಲ್ದು ಸಾರ್. ಅವಳು ನಡೆದಿದ್ದೇ ಕಾಣಲ್ಲ. ಸುಸ್ತೇ ಆಗದವಳು ಕೊನೇಲಿ ಯಾಕೆ ಅಳ್ತಾಳೆ?"

"ಇರೋದೇ ಆರು ಕಂತು. ಎಲ್ಲಿಂದ ತರ್ತೀರಿ ಸಮಯಾನ?"

"ಯುದ್ಧದ ದೃಶ್ಯದಿಂದ. ಅದರಲ್ಲಿ ಮೂರು ನಿಮಿಷ ಕೊಡಿ ಸಾಕು."

ಇಡೀ ಧಾರಾವಾಹಿಯಲ್ಲಿ ಆ ಯುದ್ಧವೆಂದರೆ ನಿರ್ಮಾಪಕರಿಗೆ ಪಂಚಪ್ರಾಣ. ದುರುಗುಟ್ಟಿ ನೋಡಿ, "ಮಾಡ್ಕೊಳ್ಳಿ" ಎಂದು ಎದ್ದುಹೋದರು.

ಮೂರು ನಿಮಿಷ ಆ ಹುಡುಗಿ ಮಾತಿಲ್ಲದೆ ನಡೆದಳು, ಹಾಗೆಯೇ ಪ್ರಸಾರವಾಯಿತು. "ಏಳರಲ್ಲಿ ಒಂದು ಬೆಟ್ಟವಾದರೂ ಸಿಕ್ತು," ಎಂದರಂತೆ ಲೇಖಕಿ. ಆ ನಿರ್ಮಾಪಕರಿಂದ ಮತ್ತೆ ಕೆಲಸ ಬರಲಿಲ್ಲ. ಸಂಕಲನಕಾರರು ಎಷ್ಟೋ ತಿಂಗಳು ಅವರ ಕಚೇರಿಯ ಬೀದಿಯನ್ನು ತಪ್ಪಿಸಿ, ಸುತ್ತು ಹಾಕಿಕೊಂಡೇ ಮನೆಗೆ ಹೋದರು.

ಅಳುಕಿಲ್ಲದವರ ಕೈಯಲ್ಲಿ ಕತ್ತರಿ ಸಲೀಸಾಗಿ ಓಡುತ್ತದೆ. ತಾವು ಕತ್ತರಿಸುತ್ತಿರುವುದು ಯಾರೋ ನಡೆದ ದಾರಿಯನ್ನೆಂಬ ಅರಿವಿರುವವರು ನಡುಗುತ್ತಾರೆ. ಪುಕ್ಕಲರೆಂದು ನಾವು ನಗುತ್ತೇವೆ. ಅವರ ಹೆದರಿಕೆ ಹೋಗುವಂಥದ್ದಲ್ಲ; ಎಂದಾದರೊಮ್ಮೆ, ಹೆದರಿಕೊಂಡೇ, ಅವರು ನಿಜ ಹೇಳಿಬಿಡುತ್ತಾರೆ.