ಬಲ್ತಸಾರ್ ಊಟ ಬಿಟ್ಟ ದಿನಗಳು

ತೊಲೂಕಾ ಪಟ್ಟಣದ ಮಾರುಕಟ್ಟೆಯಲ್ಲಿ ಹಂದಿಮಾಂಸದ ಹಸಿರು ಸಾಸೇಜು ಚೊರೀಸೊ ಮಾರುವ ಓತಿಲಿಯಾ ಅರ್ಚುಂದಿಯಾಗೆ ಬೆಕ್ಕಿನ ಕೂದಲು ಸೋಕಿದರೆ ಉಬ್ಬಸ ಬರುತ್ತಿತ್ತು. ನಾಯಿ ಸಾಕೋಣವೆಂದರೆ ಅಂಗಳವಿರಲಿಲ್ಲ. ತಂಗಿ ನಿಯೆವೆಸ್ ಮತ್ತು ಅವಳ ಗಂಡ ಫೆರ್ಮಿನ್ ಜೊತೆ ಪ್ರಾಣಿಗಳ ಪ್ರದರ್ಶನಕ್ಕೆ ಹೋದವಳ ಮಣಿಕಟ್ಟಿಗೆ ಒಂದು ಹೆಬ್ಬಾವಿನ ಮರಿ ಬಳೆಯಂತೆ ಸುತ್ತಿಕೊಂಡು ಸುಮ್ಮನಾಯಿತು. ಆಫ್ರಿಕದ ಸಣ್ಣ ಜಾತಿ, ಹೆದರಿದರೆ ಚೆಂಡಿನಂತೆ ಮುದುಡಿಕೊಳ್ಳುವಂಥದು. ಅವಳಿಗೆ ಅದನ್ನು ಕೆಳಗಿಳಿಸಲು ಮನಸ್ಸೇ ಬರಲಿಲ್ಲ. ಕೊಂಡು ಮನೆಗೆ ತಂದು ಬಲ್ತಸಾರ್ ಎಂದು ಹೆಸರಿಟ್ಟಳು.

ಬಲ್ತಸಾರ್ ಏನನ್ನೂ ತಿನ್ನಲಿಲ್ಲ.

ಮಾರಿದವನಿಗೆ ಫೋನ್ ಮಾಡಿದಳು. "ಜೀವಂತ ಇಲಿ ಬಿಡಿ, ಗಬಕ್ಕಂತ ಹಿಡಿಯುತ್ತೆ" ಎಂದ. ಫೋನಿನಲ್ಲಿ ಹಾವು ಸಾಕುವವರ ಗುಂಪೊಂದಕ್ಕೆ ಸೇರಿ ಇದನ್ನೇ ಹೇಳಿದಾಗ ಅಲ್ಲಿದ್ದವರು ಹೌಹಾರಿದರು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದಂತೆ; ಸತ್ತು ಹೆಪ್ಪುಗಟ್ಟಿದ್ದನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಕೊಡಬೇಕಂತೆ. ಗಾಜಿನ ಪೆಟ್ಟಿಗೆ ದೊಡ್ಡದಾಯಿತು ಎಂದ ಒಬ್ಬ. ಚಿಕ್ಕದಾಯಿತು ಎಂದಳು ಇನ್ನೊಬ್ಬಳು. ಮೇಲೆ ದೀಪ ಹಾಕು, ದೀಪ ತೆಗೆದು ಕೆಳಗೆ ಕರೆಂಟಿನ ಬಿಸಿ ಹಾಸು ಇಡು, ಹಾಸು ಬೇಡ, ಸುಟ್ಟುಹೋಗುತ್ತದೆ. ಮಾರುಕಟ್ಟೆಯ ಹತ್ತಿರದ ನಾಯಿ ಡಾಕ್ಟರು ಮೊಟ್ಟೆಯಲ್ಲಿ ವಿಟಮಿನ್ ಕಲಸಿ ಕೊಡಲು ಹೇಳಿದರು. ಪಕ್ಕದ ಅಂಗಡಿಯ ಗಿಡಮೂಲಿಕೆಯ ಮುದುಕಿ ದೋನ್ಯಾ ಚೊಲೆ ಸೊಪ್ಪಿನ ಕಟ್ಟು ಹಿಡಿದು ಮನೆಗೇ ಬಂದು ಪೆಟ್ಟಿಗೆಗೆ ದೃಷ್ಟಿ ತೆಗೆದಳು.

"ಯಾರೋ ಕಣ್ಣು ಹಾಕವ್ರೆ ಕಣೇ ಓತಿ. ಇಷ್ಟು ಚೆಂದದ ಮೈ ಯಾರು ಬಿಡ್ತಾರೆ?"

ಓತಿಲಿಯಾ ಯಾರ ಮಾತನ್ನೂ ತೆಗೆದುಹಾಕುವವಳಲ್ಲ. ಒಬ್ಬರು ಹೇಳಿದ್ದನ್ನು ಬೆಳಿಗ್ಗೆ ಮಾಡಿದರೆ ಇನ್ನೊಬ್ಬರು ಹೇಳಿದ್ದನ್ನು ಸಂಜೆ ಮಾಡಿದಳು. ದೀಪ ಹಾಕಿದಳು, ತೆಗೆದಳು. ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟಳು, ಅಡುಗೆಮನೆಗೆ ಒಯ್ದಳು, ಮತ್ತೆ ಕಿಟಕಿಗೇ ತಂದಳು. ಪ್ರತಿ ಸಲವೂ ಹಾವನ್ನು ಕೈಯಲ್ಲೆತ್ತಿ, "ಏನಪ್ಪಾ ರಾಜಾ, ಏನು ಬೇಕು ನಿಂಗೆ?" ಎಂದು ಕೇಳಿದಳು. ಬಲ್ತಸಾರ್ ನಾಲಿಗೆ ಹೊರಚಾಚಿ ಒಳಗೆಳೆದುಕೊಂಡಿತು. ಅದರ ಅರ್ಥವೇನೆಂದು ಗುಂಪಿನಲ್ಲಿ ಕೇಳಿದರೆ ಅದಕ್ಕೂ ಹತ್ತಾರು ಉತ್ತರ.

ಉಗುರುಬೆಚ್ಚಗಿನ ನೀರಲ್ಲಿ ಮೀಯಿಸಿದರೆ ಹಸಿವಾಗುತ್ತದೆ ಎಂದು ಯಾರೋ ಬರೆದಿದ್ದರು. ಮೀಯಿಸಿದಳು. ಅದಾದ ಕೆಲವು ದಿನಗಳಲ್ಲಿ ಹಾವು ತಲೆಯನ್ನು ಮೇಲಕ್ಕೆತ್ತಿ ಬಾಯಿ ತೆರೆದುಕೊಂಡೇ ಕೂರಲು ಶುರುಮಾಡಿತು. ಮೂಗಿನ ತುದಿಯಲ್ಲಿ ಗುಳ್ಳೆ. ಕಿವಿಗೊಟ್ಟರೆ ಸಣ್ಣ ಸಿಳ್ಳೆಯಂಥ ಸದ್ದು. ಉಬ್ಬಸದ ಸದ್ದು ಹೇಗಿರುತ್ತದೆಂದು ಓತಿಲಿಯಾಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೂಡಲೇ ಗುಂಪಿಗೆ ಬರೆದಳು.

ಮನುಷ್ಯರ ಮಾತ್ರೆಯಲ್ಲಿ ಅರ್ಧ ಪುಡಿಮಾಡಿ ಬಾಯಿಗೆ ಹಾಕಿ ಎಂದು ಗುಂಪಿನವನೊಬ್ಬ ತಕ್ಷಣ ಬರೆದ. ನಿಯೆವೆಸ್ ಒಳಗೆ ಬಂದಾಗ ಓತಿಲಿಯಾ ಮೆಣಸಿನಕಾಯಿ ಅರೆಯುವ ಕಲ್ಲಿನ ಮುಂದೆ ಮಾತ್ರೆ ಹಿಡಿದು ಕೂತಿದ್ದಳು.

"ಅಕ್ಕಾ, ಯಾರೇ ಹೇಳಿದ್ದು ಇದನ್ನ?"

"ಗುಂಪಲ್ಲಿ ಒಬ್ಬರು."

"ಒಬ್ಬರು ಅಂದ್ರೆ ಯಾರು? ಹೆಸರೇನು?"

ಓತಿಲಿಯಾ ಫೋನ್ ತೋರಿಸಿದಳು. ಮುಖ ಇರಬೇಕಾದ ಕಡೆ ಒಂದು ಮೋಟಾರುಬೈಕಿನ ಚಿತ್ರವಿತ್ತು.

"ಬೈಕ್ ಹೇಳ್ತು ಅಂತ ಮಾತ್ರೆ ಅರೀತಿದ್ದೀಯಾ! ಹಂದಿಮಾಂಸ ತಗೊಳ್ಳೋವಾಗ ಮೂರು ಸಲ ಮೂಸಿ ನೋಡ್ತೀಯ, ಮಾರೋನ ಅಪ್ಪನ ಊರು ಕೇಳ್ತೀಯ. ಇದಕ್ಕೆ ಯಾಕೆ ಕೇಳಲ್ಲ?"

"ಮತ್ತೆ ಯಾರನ್ನ ಕೇಳಲಿ ಹೇಳೇ! ಎಲ್ಲರಿಗೂ ಗೊತ್ತಿದೆ, ಎಲ್ಲರಿಗೂ ಬೇರೆಬೇರೆ ಗೊತ್ತಿದೆ" ಎಂದು ಓತಿಲಿಯಾ ಅತ್ತುಬಿಟ್ಟಳು.

ಇಬ್ಬರೂ ಕೂತು ಗುಂಪಿನಲ್ಲಿ ಬಂದಿದ್ದ ಮಾತುಗಳನ್ನೆಲ್ಲ ಮೊದಲಿಂದ ಓದಿದರು. ಅಷ್ಟೂ ಜನರಲ್ಲಿ ಒಬ್ಬಳು ಮಾತ್ರ ಏನು ಮಾಡಬೇಕೆಂದು ಹೇಳದೆ, ನೀವು ಯಾವ ಊರು ಎಂದು ಕೇಳಿದ್ದಳು. ಓತಿಲಿಯಾ ಅದಕ್ಕೆ ಉತ್ತರವನ್ನೇ ಕೊಟ್ಟಿರಲಿಲ್ಲ. ಈಗ ಕೊಟ್ಟಳು. ವಿಶ್ವವಿದ್ಯಾಲಯದ ಪ್ರಾಣಿ ಆಸ್ಪತ್ರೆಯಲ್ಲಿ ಹಾವು, ಆಮೆ, ಹಲ್ಲಿಗಳನ್ನಷ್ಟೇ ನೋಡುವ ಡಾಕ್ಟರ್ ಅರಾಸೆಲಿ ಇದ್ದಾರೆ, ಇವತ್ತೇ ಹೋಗಿ ಎಂದು ಬರೆದಳು ಆಕೆ.

ಬಲ್ತಸಾರ್ ದಿಂಬಿನ ಚೀಲ ಸೇರಿತು. ಚೀಲದ ಬಾಯಿ ಕಟ್ಟಿ, ಶಾಲಿನೊಳಗೆ ಎದೆಗವಚಿಕೊಂಡು ಓತಿಲಿಯಾ ಬಸ್ಸು ಹತ್ತಿದಳು.

"ಪಾಪು ಎಷ್ಟು ತಿಂಗಳದ್ದು?" ಪಕ್ಕದ ಹೆಂಗಸು ಜಾಗ ಬಿಡುತ್ತಾ ಕೇಳಿದಳು.

"ಸರಿಯಾಗಿ ಗೊತ್ತಿಲ್ಲ" ಎಂದಳು ಓತಿಲಿಯಾ. ಆ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಡಾಕ್ಟರ್ ಅರಾಸೆಲಿ ಹಾವನ್ನು ನೋಡುವ ಮೊದಲು ಪ್ರಶ್ನೆ ಶುರುಮಾಡಿದರು. ಪೆಟ್ಟಿಗೆಯ ಬೆಚ್ಚಗಿನ ಮೂಲೆಯಲ್ಲಿ ಶಾಖ ಎಷ್ಟು? ತಣ್ಣನೆಯ ಮೂಲೆಯಲ್ಲಿ? ಅಡಗಿಕೊಳ್ಳಲು ಏನಿದೆ? ತೂಕ ಎಷ್ಟು?

"ಕೈಯಿಟ್ಟು ನೋಡ್ತೀನಿ ಡಾಕ್ಟ್ರೇ, ಬೆಚ್ಚಗೇ ಇರುತ್ತೆ" ಎಂದಳು. ಅಡಗಲು ಪೆಟ್ಟಿಗೆಯಲ್ಲಿ ಏನೂ ಇಟ್ಟಿರಲಿಲ್ಲ. ಹಾವಿನ ಮುಖ ಕಾಣಲಿ ಎಂದುಕೊಂಡಿದ್ದಳು.

ಡಾಕ್ಟರು ಬಯ್ಯಲಿಲ್ಲ. ಬಾಯಿ ಬಿಡಿಸಿ ನೋಡಿ, ಶ್ವಾಸಕೋಶಕ್ಕೆ ಸೋಂಕು ಎಂದರು. ಈ ಊರಿನ ಚಳಿ, ಕಿಟಕಿ, ಸ್ನಾನ ಎಲ್ಲ ಸೇರಿರಬಹುದು. ಇಂಜೆಕ್ಷನ್ ಬರೆದರು. ಎರಡೂ ಮೂಲೆಗೆ ಶಾಖಮಾಪಕ, ಎರಡೂ ಮೂಲೆಗೆ ಮೈಗೆ ಒತ್ತುವಷ್ಟು ಇಕ್ಕಟ್ಟಾದ ಗೂಡು, ಬಿಸಿ ಹಾಸಿನ ಶಾಖ ಮೀರದಂತೆ ತಡೆಯುವ ಯಂತ್ರ. ಆಮೇಲೆ ಹಾವನ್ನು ಮುಟ್ಟಬಾರದು.

"ಅವನು ಊಟ ಮಾಡ್ತಿಲ್ವಲ್ಲ, ಅದು ಯಾಕೆ?"

"ಭಯ ಇರಬಹುದು, ಚಳಿ ಇರಬಹುದು. ಈ ಜಾತಿಯವು ಚೆನ್ನಾಗಿದ್ದಾಗಲೂ ಒಮ್ಮೊಮ್ಮೆ ತಿಂಗಳುಗಟ್ಟಲೆ ಬಿಡ್ತವೆ. ಖಚಿತವಾಗಿ ನಂಗೂ ಗೊತ್ತಿಲ್ಲ."

ಇಷ್ಟು ದಿನದಲ್ಲಿ ಗೊತ್ತಿಲ್ಲ ಎಂದವರು ಇವರೊಬ್ಬರೇ. ಓತಿಲಿಯಾಗೆ ಸಮಾಧಾನವಾಗಬೇಕೋ ಗಾಬರಿಯಾಗಬೇಕೋ ತಿಳಿಯಲಿಲ್ಲ.

"ಹಾಗಾದ್ರೆ ಇನ್ಮೇಲೆ ಯಾರನ್ನ ಕೇಳಲಿ?"

"ಕಾಯಿಲೆ ಅನ್ನಿಸಿದ್ರೆ ನನ್ನ ಹತ್ರ ಬನ್ನಿ. ದಿನದ ಮಾತಿಗೆ, ಇದೇ ಜಾತೀನ ವರ್ಷಗಟ್ಟಲೆ ಸಾಕಿರೋರನ್ನ ಕೇಳಿ. ಮೊದಲು ಅವರು ನಿಮ್ಮನ್ನ ಕೇಳಬೇಕು, ಆಮೇಲೆ ಹೇಳಬೇಕು. ಕೇಳದೇ ಹೇಳೋರ ಮಾತು ಬಿಡಿ."

ಸುಮ್ಮನಿರುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಇಂಜೆಕ್ಷನ್ ಕೊಡಿಸಲು ಬಿಟ್ಟರೆ ಮುಟ್ಟಲಿಲ್ಲ. ಸಿಳ್ಳೆ ಸದ್ದು ಕ್ರಮೇಣ ನಿಂತಿತು. ಬಲ್ತಸಾರ್ ಗೂಡಿನಿಂದ ತಲೆಯನ್ನೂ ಹೊರಹಾಕುತ್ತಿರಲಿಲ್ಲ. ಇದೆಯೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು. ಫೆರ್ಮಿನ್, "ಅತ್ತಿಗೇ, ಖಾಲಿ ಪೆಟ್ಟಿಗೆ ಸಾಕ್ತಾ ಇದ್ದೀರಾ?" ಎಂದು ನಕ್ಕ.

ಒಂದು ಸಂಜೆ ಚಿಮುಟದಲ್ಲಿ ಹಿಡಿದ ಬೆಚ್ಚನೆಯ ಸತ್ತ ಇಲಿಯನ್ನು ಗೂಡಿನ ಬಾಯಿಗೆ ತಂದಾಗ ಒಳಗಿಂದ ಏನೋ ಚಿಮ್ಮಿತು. ಓತಿಲಿಯಾ ಕಿರುಚಿ ಚಿಮುಟ ಕೈಬಿಟ್ಟಳು. ನೋಡಿದರೆ ಬಲ್ತಸಾರ್ ಇಲಿಯನ್ನು ಮೂರು ಸುತ್ತು ಸುತ್ತಿ, ಸತ್ತಿದ್ದನ್ನೇ ಮತ್ತೆ ಸಾಯಿಸುತ್ತಿತ್ತು.

ಇದು ಶಾಖದಿಂದಲೋ, ಗೂಡಿನಿಂದಲೋ, ಮದ್ದಿನಿಂದಲೋ, ಇಲ್ಲ ಸುಮ್ಮನೆ ಅದಕ್ಕೆ ಹಸಿವಾಯಿತೋ ಅವಳಿಗೆ ತಿಳಿಯಲಿಲ್ಲ. ದೋನ್ಯಾ ಚೊಲೆಯಂತೂ ಎಲ್ಲ ತನ್ನ ಸೊಪ್ಪಿನ ಮಹಿಮೆ ಎಂದು ಮಾರುಕಟ್ಟೆಗೆಲ್ಲ ಸಾರಿದಳು. ಓತಿಲಿಯಾ ಇಲ್ಲವೆನ್ನಲಿಲ್ಲ. ಪೆಟ್ಟಿಗೆಯೆದುರು ಕುರ್ಚಿ ಹಾಕಿಕೊಂಡು, ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು, ಇಲಿಯ ಬಾಲ ಕಣ್ಮರೆಯಾಗುವವರೆಗೂ ನೋಡುತ್ತಾ ಕೂತಳು.